ಹಕ್ಕಿ ಕಾಯುವ ಹೊತ್ತು

ನಮ್ಮ ಆಯಿ ಬೆಳಗಿನ ಜಳಕ ಮುಗಿಸಿ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತಳೆಂದರೆ ಮನೆಯೊಳಗೆ ಯಾರೂ ದನಿ ಎತ್ತುತ್ತಿರಲಿಲ್ಲ. ಒದ್ದೆ ಕೂದಲನ್ನು ಹಾಗೇ ಗಂಟು ಕಟ್ಟಿ ತಲೆಯ ಮೇಲೆ ಸೆರಗು ಹೊದ್ದಿರುತ್ತಿದ್ದಳು. ವಿಭೂತಿಯನ್ನು ನೀರಲ್ಲಿ ನೆನೆಸಿ ಮೂರು ಬೆರಳಿನಿಂದ ಹಣೆಗೆ, ಕೊರಳಿಗೆ, ತೋಳಿಗೆ ಎಳೆದುಕೊಳ್ಳುವಳು. ಆಮೇಲೆ ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯ ಮುಚ್ಚಳ ತೆಗೆದು, ಬಿಳಿ ಅರಿವೆಯಲ್ಲಿ ಸುತ್ತಿದ್ದ ಲಿಂಗವನ್ನು ಬಿಡಿಸಿ ಎಡಗೈಯ ನಡುವೆ ಇಟ್ಟುಕೊಳ್ಳುವಳು. ಒಂದು ಹನಿ ನೀರು, ಒಂದು ಎಳೆ ವಿಭೂತಿ, ಹಿತ್ತಲ ಗಿಡದ ಒಂದು ಪತ್ರಿ. ಅಷ್ಟಾದ ಮೇಲೆ ಅಂಗೈಯನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ನೋಡಲು ತೊಡಗುವಳು. ಒಲೆಯ ಮೇಲೆ ಹಾಲು ಉಕ್ಕಿದರೂ ಅಂಗಳದಲ್ಲಿ ಎಮ್ಮೆ ಒದರಿದರೂ ಆ ನೋಟ ಕದಲದು. ನೇರಳೆ ಹಣ್ಣಿನಂತೆ ಕಪ್ಪಗೆ ಮಿಂಚುವ ಆ ಪುಟ್ಟ ಲಿಂಗದ ಮೇಲೆ ಕಿಟಕಿಯ ಬೆಳಕು ಒಂದು ಚುಕ್ಕೆಯಾಗಿ ಬಿದ್ದಿರುತ್ತಿತ್ತು. ಕಾಲು ತಾಸು, ಒಮ್ಮೊಮ್ಮೆ ಅದಕ್ಕೂ ಹೆಚ್ಚು.

ಅದು ನನ್ನ ಅವ್ವನ ತವರು. ವಿಜಯಪುರ ಸೀಮೆಯ ಇಂಡಿ ತಾಲೂಕಿನ ಎರೆ ಭೂಮಿಯ ಊರು. ನಾನು ಬೆಳೆದದ್ದೇ ಅಲ್ಲಿ. ಒಂಬತ್ತೋ ಹತ್ತೋ ವರ್ಷದವಳಿದ್ದಾಗ ಒಂದು ದಿನ ಆಯಿ ಪೂಜೆ ಮುಗಿಸಿ ಕರಡಿಗೆ ಮುಚ್ಚುವುದನ್ನೇ ಕಾದಿದ್ದು ಕೇಳಿದೆ: "ಆಯಿ, ಅಷ್ಟೊತ್ತು ನೋಡತೀಯಲ್ಲ, ಏನ ಕಾಣತೈತಿ?"

"ಏನ ಕಾಣಬೇಕ ಯವ್ವಾ? ಲಿಂಗ ಕಾಣತೈತಿ."

ನನಗೆ ನಿರಾಸೆಯಾಯಿತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಅಲ್ಲಿ ಶರಣರಿಗೆ ಬೆಳಕು ಕಾಣುತ್ತಿತ್ತು, ಕಲ್ಲು ಮಾತಾಡುತ್ತಿತ್ತು, ಶಿವ ಮನೆಬಾಗಿಲಿಗೆ ಬಂದು ಉಂಡು ಹೋಗುತ್ತಿದ್ದ. ನಮ್ಮ ಆಯಿಗೆ ಮಾತ್ರ ಲಿಂಗದಲ್ಲಿ ಲಿಂಗವೇ ಕಾಣುತ್ತಿತ್ತು.

ಆ ಪುರಾಣಗಳಲ್ಲೆಲ್ಲ ನನಗೆ ಬಹಳ ಇಷ್ಟವಾದದ್ದು ಸೊನ್ನಲಿಗೆ ಸಿದ್ಧರಾಮನ ಕತೆ. ಸೊನ್ನಲಿಗೆ ಎಂದರೆ ಇವತ್ತಿನ ಸೊಲ್ಲಾಪುರ. ನಮ್ಮೂರಿನಿಂದ ಭೀಮಾ ನದಿ ದಾಟಿದರೆ ಅದೇ ದೊಡ್ಡ ಪೇಟೆ. ಹೀಗಾಗಿ ಸಿದ್ಧರಾಮ ನಮಗೆ ಪುರಾಣದವನಲ್ಲ, ಪಕ್ಕದೂರಿನವನು. ರಾಘವಾಂಕ ಅವನ ಚರಿತ್ರೆಯನ್ನು ಷಟ್ಪದಿಯಲ್ಲಿ ಬರೆದಿದ್ದಾನೆ ಎಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಮೊದಲು ಕೇಳಿದ್ದು ಆಯಿಯ ಬಾಯಿಂದ, ರಾತ್ರಿ ಕೌದಿಯೊಳಗೆ.

ಮುದ್ದುಗೌಡ ಮತ್ತು ಸುಗ್ಗವ್ವೆಯ ಮಗ ಸಿದ್ಧರಾಮ. ಹೆಚ್ಚು ಮಾತಾಡದ ಹುಡುಗ. ದನ ಮೇಯಿಸಲು ಹೋದಾಗ ಹೊಲದಲ್ಲಿ ಒಬ್ಬ ಅಪರಿಚಿತ ಬಂದು ನಿಲ್ಲುತ್ತಾನೆ. ಹೆಸರು ಮಲ್ಲಯ್ಯ, ಊರು ಶ್ರೀಶೈಲ. ಹುಡುಗ ಎಳೆ ನವಣೆಯ ತೆನೆ ಸುಟ್ಟು ಕೊಡುತ್ತಾನೆ. ತಿಂದವನು, ಹೊಟ್ಟೆ ತುಂಬಲಿಲ್ಲ, ಮೊಸರಬುತ್ತಿ ಬೇಕು ಅನ್ನುತ್ತಾನೆ. ಹುಡುಗ ಮನೆಗೆ ಓಡಿ, ಬುತ್ತಿ ಕಟ್ಟಿಸಿಕೊಂಡು ಬಂದು ನೋಡಿದರೆ ಹೊಲದಲ್ಲಿ ಯಾರೂ ಇಲ್ಲ. "ಮಲ್ಲಯ್ಯಾ" ಎಂದು ಕೂಗುತ್ತ, ಅಳುತ್ತ, ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಬೆನ್ನು ಹತ್ತುತ್ತಾನೆ. ಅಲ್ಲಿ ಗುಡಿಯೊಳಗೆ ಕರೆದೊಯ್ದು ಲಿಂಗ ತೋರಿಸಿ "ಇವನೇ ನೋಡು ಮಲ್ಲಯ್ಯ" ಅನ್ನುತ್ತಾರೆ. ಹುಡುಗ ನೋಡಿ ತಲೆಯಾಡಿಸುತ್ತಾನೆ. ಇವನಲ್ಲ. ನನ್ನ ಮಲ್ಲಯ್ಯ ಕೈಯೊಡ್ಡಿ ನವಣೆ ತಿಂದವನು, ಮೊಸರಬುತ್ತಿ ಕೇಳಿದವನು. ಹೊರಗೆ ಓಡಿ, ಕೂಗಿ ಕೂಗಿ, ಕಡೆಗೆ ಕಮರಿಯ ಅಂಚಿನಿಂದ ಹಾರುತ್ತಾನೆ. ಆಗ ಮಲ್ಲಯ್ಯನ ಕೈ ಬಂದು ಹಿಡಿಯುತ್ತದೆ.

ಆಯಿ ಕತೆಯನ್ನು ಇಲ್ಲಿಗೆ ನಿಲ್ಲಿಸಿ ನನ್ನ ಕೈ ಹಿಡಿಯುತ್ತಿದ್ದಳು. ನನಗೋ ಗುಡಿಯೊಳಗೆ ಆ ಹುಡುಗ "ಇವನಲ್ಲ" ಅಂದನಲ್ಲ, ಅದೇ ಕಿವಿಯಲ್ಲಿ ಉಳಿದಿರುತ್ತಿತ್ತು. ಸುತ್ತ ಸಾವಿರ ಜನ ಕೈಮುಗಿದು ನಿಂತಾಗ, ದೂರದೂರಿನಿಂದ ಬಂದ ಪೋರನೊಬ್ಬ ಹಾಗನ್ನಬೇಕಾದರೆ ಅವನು ನಿಜವಾಗಿ ಯಾರನ್ನೋ ಕಂಡಿರಲೇಬೇಕು. ಕಾಣದವರಿಗೆ ಕಲ್ಲು ಸಾಕು, ಕಂಡವನಿಗೆ ಸಾಲದು. ನಂಬುವುದು ಬೇರೆ, ಕಾಣುವುದು ಬೇರೆ ಎಂದು ನನ್ನೊಳಗೆ ಮೊದಲು ಕಲ್ಲು ನೆಟ್ಟದ್ದು ಆ ಕತೆ. ನಂಬುವವರು ಆಯಿಯಂಥವರು, ಕಾಣುವವರು ಸಿದ್ಧರಾಮನಂಥವರು ಎಂದು ಆಗಲೇ ಇಬ್ಬರನ್ನೂ ಎರಡು ದಂಡೆಗೆ ನಿಲ್ಲಿಸಿಬಿಟ್ಟೆ. ಆ ದಂಡೆಗಳು ಅದಲು ಬದಲಾಗಲು ನಲವತ್ತು ವರ್ಷ ಬೇಕಾಯಿತು.

ನನಗೆ ಹದಿನೇಳು ನಡೆಯುತ್ತಿದ್ದಾಗ, ಎಳ್ಳಮಾಸಿಗೆ ಮುಂಚಿನ ಒಂದು ಮಧ್ಯಾಹ್ನ, ಹೊಲದಲ್ಲಿ ಹಕ್ಕಿ ಕಾಯಲು ಕೂತಿದ್ದೆ. ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಸೀತನಿ ತಿನ್ನುವ ಕಾಲ ಅದು. ನಮಗಿಂತ ಮೊದಲು ಅದನ್ನು ತಿಂದು ಮುಗಿಸಲು ಹಕ್ಕಿಗಳು ಬರುತ್ತವೆ. ಗುಬ್ಬಿ, ಗೀಜಗ, ಗಿಳಿ. ಎಲ್ಲಕ್ಕಿಂತ ದೊಡ್ಡ ಹಿಂಡು ಕಪ್ಪು ತಲೆಯ, ತಿಳಿ ಗುಲಾಬಿ ಮೈಯ ಕಬ್ಬಕ್ಕಿಗಳದು. ಅವು ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ನಮ್ಮ ಜೋಳದ ಹೊಲಗಳಿಗೆ ಬರುವ ಹಕ್ಕಿಗಳೆಂದು ಆಮೇಲೆ ಓದಿ ತಿಳಿದೆ. ನಾಲ್ಕು ಕಂಬ ನೆಟ್ಟು ಕಟ್ಟಿದ ಅಟ್ಟಣಿಗೆಯ ಮೇಲೆ ಕೂತು, ಹಿಂಡು ಇಳಿದ ಕಡೆ ಕವಣೆ ಬೀಸುವುದು, "ಹೋ" ಎಂದು ಕೂಗುವುದು, ಅವು ಎದ್ದು ಇನ್ನೊಂದು ಮೂಲೆಗೆ ಇಳಿದರೆ ಆ ಕಡೆ ತಿರುಗುವುದು. ಬೇಸರದ ಕೆಲಸ. ಆದರೂ ಅದರಲ್ಲಿ ಒಂದು ಸುಖವಿತ್ತು, ಜೋಳದ ತೆನೆಗಳ ತಲೆಯ ಮೇಲೆ ಕೂತು ಬಹು ದೂರದವರೆಗೆ ನೋಡಬಹುದಿತ್ತು.

ಬುತ್ತಿ ಉಂಡಾಗಿತ್ತು. ಕವಣೆಯ ಮಡಿಕೆಯಲ್ಲಿ ಕಲ್ಲು ಇಟ್ಟುಕೊಂಡಿದ್ದೆ. ಪಡುವಣ ಬದುವಿನಿಂದ ಒಂದು ಹಿಂಡು ಎದ್ದು, ಗಾಳಿಯಲ್ಲಿ ಒಮ್ಮೆಲೇ ಹೊರಳಿತು. ಅಷ್ಟು ನೂರು ಹಕ್ಕಿಗಳು ಒಂದೇ ಬಟ್ಟೆ ಒದರಿದಂತೆ. ಅಲ್ಲಿಂದ ಮುಂದೆ ಏನಾಯಿತು ಎನ್ನುವುದಕ್ಕೆ ಮಾತು ಸಿಕ್ಕುವುದಿಲ್ಲ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಜೋಳ ಜೋಳವೇ ಆಗಿತ್ತು, ಬೇವಿನ ಗಿಡ ಬೇವಿನ ಗಿಡವೇ. ಅವನ್ನು ಇಲ್ಲಿ ಕೂತು ನೋಡುತ್ತಿದ್ದ ನಾನು ಎಂಬುವಳು ಮಾತ್ರ ಅಲ್ಲಿ ಇರಲಿಲ್ಲ. ನೋಡುವುದು ನಡೆದಿತ್ತು, ನೋಡುವವಳಿರಲಿಲ್ಲ. ಆನಂದ ಎಂದು ಹೇಳಲಾರೆ, ಆನಂದಪಡುವುದಕ್ಕೂ ಒಬ್ಬರು ಬೇಕಲ್ಲ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಇವೆ, ಏನೂ ಕಡಿಮೆಯಾಗಿಲ್ಲ, ಕಡಿಮೆಯಾಗುವಂತಿಲ್ಲ ಎಂಬುದು ಮಾತಿಲ್ಲದೆ ತುಂಬಿಕೊಂಡಿತ್ತು. ಮರಳಿ ನನಗೆ ನಾನು ಸಿಕ್ಕಾಗ ಅಟ್ಟಣಿಗೆಯ ನೆರಳು ಎರಡು ಸಾಲು ಆಚೆ ಸರಿದಿತ್ತು. ಕೈಯಲ್ಲಿದ್ದ ಕಲ್ಲು ಬೆಚ್ಚಗಾಗಿತ್ತು. ಹಕ್ಕಿಗಳು ಹೊಲದ ನಡುವೆ ಇಳಿದು ತಿನ್ನುತ್ತಿದ್ದವು. ಅವನ್ನು ಓಡಿಸಲು ಮನಸ್ಸಾಗಲಿಲ್ಲ.

ಅಲ್ಲಿ ಮಲ್ಲಯ್ಯ ಬಂದಿರಲಿಲ್ಲ. ಮಠದ ಪುರಾಣದಲ್ಲಿ ಕೇಳಿದ ಒಂದು ಹೆಸರೂ, ಒಂದು ಮುಖವೂ ಬಂದಿರಲಿಲ್ಲ. ನಾನು ನಂಬಿದ್ದ ಯಾವುದನ್ನೂ ಆ ಮಧ್ಯಾಹ್ನ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಸಂಜೆ ಆಯಿ ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಪಕ್ಕ ಕೂತು, ತೊದಲುತ್ತ, ಎಲ್ಲ ಹೇಳಿದೆ. ಮೊರ ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: "ಅಂಜಿಕಿ ಆತೇನು?"

"ಇಲ್ಲ ಆಯಿ."

"ಹಂಗಾರ ಛಲೋ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಮುಂದೂ ಹೇಳಬ್ಯಾಡವ್ವ. ಹೇಳಿದಷ್ಟೂ ಸವೀತೈತಿ," ಅಂದಳು. ಮತ್ತೆ ಮೊರ ಎತ್ತಿಕೊಂಡಳು.

ನಾನು ಆ ಮಾತು ಕೇಳಲಿಲ್ಲ. ಧಾರವಾಡಕ್ಕೆ ಓದಲು ಹೋದವಳು ಹಾಸ್ಟೆಲಿನ ಗೆಳತಿಯರ ಮುಂದೆ ಹೇಳಿದೆ. ಆಮೇಲೆ ತತ್ತ್ವಶಾಸ್ತ್ರದ ತರಗತಿಯಲ್ಲಿ, ಬೇರೆ ಯಾರಿಗೋ ಆದದ್ದು ಎಂಬಂತೆ ಹೇಳಿದೆ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿಲಿಯಂ ಜೇಮ್ಸ್ ಕೈಗೆ ಸಿಕ್ಕ ದಿನವಂತೂ ಪುಸ್ತಕ ಹಿಡಿದ ಕೈ ನಡುಗಿತು. ಅಮೆರಿಕದ ಆ ಮನಶ್ಶಾಸ್ತ್ರಜ್ಞ 1901 ಮತ್ತು 1902ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳು ಅವು, ಧಾರ್ಮಿಕ ಅನುಭವಗಳ ಬಗೆಗಳನ್ನು ಕುರಿತವು. ಇಂಥ ಅನುಭವಕ್ಕೆ ಅವನು ನಾಲ್ಕು ಗುರುತು ಹೇಳುತ್ತಾನೆ. ಅದನ್ನು ಮಾತಿನಲ್ಲಿ ಹೇಳಲಾಗದು. ಆದರೂ ಏನೋ ತಿಳಿದಂತೆ ಇರುತ್ತದೆ. ಬಹಳ ಹೊತ್ತು ನಿಲ್ಲದು. ನಾವು ಕರೆದು ತರುವುದಲ್ಲ, ತಾನಾಗಿ ಬರುವುದು. ಇಂಡಿ ತಾಲೂಕಿನ ಜೋಳದ ಹೊಲವನ್ನು ಈ ಮನುಷ್ಯ ಯಾವಾಗ ನೋಡಿದ ಅನ್ನಿಸಿತು.

ಆ ಪುಸ್ತಕದಲ್ಲಿ ನನ್ನನ್ನು ಇನ್ನೂ ಹಿಡಿದಿಟ್ಟಿರುವುದು ಬೇರೆ ಎರಡು ಸಂಗತಿ. ಒಂದು, ಇಂಥ ಅನುಭವ ತನಗೆ ಬಹುಮಟ್ಟಿಗೆ ದಕ್ಕಿಲ್ಲ, ತನ್ನ ಮೈಮನಸ್ಸಿನ ಕಟ್ಟು ಅದಕ್ಕೆ ಒಗ್ಗದು ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಆದರೂ ಕಂಡವರ ಮಾತಿಗೆ ಅಷ್ಟು ತಾಳ್ಮೆಯಿಂದ ಕಿವಿಗೊಟ್ಟ. ಇನ್ನೊಂದು, ಅವನು ಎಳೆದ ಗೆರೆ. ಅನುಭವವು ಅದನ್ನು ಪಡೆದವರ ಮಟ್ಟಿಗೆ ಅಧಿಕಾರವುಳ್ಳದ್ದು, ಇರಲಿ. ಪಡೆಯದವರು ಅದನ್ನು ವಿಚಾರಿಸದೆ ಒಪ್ಪಬೇಕೆಂಬ ಕಟ್ಟಳೆಯಿಲ್ಲ. ನನ್ನ ಪ್ರತ್ಯಕ್ಷ ನಿಮಗೆ ಬರೀ ಕೇಳಿದ ಮಾತು. ನೀವು ಅದನ್ನು ಒಪ್ಪಿದರೆ ಅದು ನಿಮ್ಮ ನಂಬಿಕೆ, ನಿಮ್ಮ ಕಾಣ್ಕೆಯಲ್ಲ.

ಈ ಗೆರೆ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬೆಂಕಿ ತಣ್ಣಗಿದೆ ಎಂದು ಶ್ರುತಿಯೇ ಹೇಳಿದರೂ ಅದು ಪ್ರಮಾಣವಾಗದು ಎಂಬ ಮಾತು ಶಂಕರರ ಗೀತಾಭಾಷ್ಯದಲ್ಲಿದೆ. ಮಧ್ವರು ಒಳಗಿನ ಸಾಕ್ಷಿಯನ್ನು ಎಲ್ಲ ಪ್ರಮಾಣಗಳ ಕೊನೆಯ ಒರೆಗಲ್ಲಾಗಿ ಇಟ್ಟರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದ ಜಾಗಕ್ಕೆ ಪರಂಪರೆ ಇಟ್ಟ ಹೆಸರೇ ಅನುಭವ ಮಂಟಪ. ಅದು ನಂಬಿಕೆಯ ಮಂಟಪವಲ್ಲ. ಅದರ ಜೊತೆಗೆ ಕನ್ನಡ ಇನ್ನೊಂದು ಮಾತನ್ನೂ ಬೆಳೆಸಿತು, ಅನುಭಾವ. ಒಂದು ಮಾತ್ರೆ ಉದ್ದವಾದರೆ ಅರ್ಥ ಎಷ್ಟು ಆಳಕ್ಕೆ ಇಳಿಯಿತು! ಈ ಶಬ್ದದ ಹುಟ್ಟು ನನಗೆ ಅಚ್ಚರಿ. ಸಂಸ್ಕೃತದ ಕಾವ್ಯಮೀಮಾಂಸೆಯಲ್ಲಿ ಅನುಭಾವವೆಂದರೆ ಒಳಗಿನ ಭಾವ ಮೈಮೇಲೆ ಮೂಡುವ ಗುರುತು: ಕಣ್ಣೀರು, ಕಟಾಕ್ಷ, ನಡುಗುವ ತುಟಿ. ಹೊರಗೆ ಕಾಣುವುದರ ಹೆಸರು ಅದು. ಕನ್ನಡ ಅದನ್ನೇ ಎತ್ತಿಕೊಂಡು ಯಾರಿಗೂ ಕಾಣದ ಒಳಗಿನ ಒಳಗಿಗೆ ಇಟ್ಟಿತು. ಈ ಎರಡು ಅರ್ಥಗಳ ನಡುವೆ ಒಂದು ಗುಟ್ಟಿದೆ ಎಂದು ನನಗೆ ಅನ್ನಿಸುತ್ತ ಬಂದಿದೆ. ಅದನ್ನು ಬಿಡಿಸಿಕೊಟ್ಟದ್ದು ಶಾಸ್ತ್ರವಲ್ಲ, ಆಯಿ.

ಆಯಿ ಹೇಳಿದ ಸವೆತ ನನಗೆ ಗೊತ್ತಾದದ್ದು ಮೂವತ್ತು ದಾಟಿದ ಮೇಲೆ. ಆ ಮಧ್ಯಾಹ್ನವನ್ನು ಎಷ್ಟು ಸಲ ಹೇಳಿದ್ದೆನೋ, ಒಂದು ದಿನ ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಬಾಯಿಪಾಠದಂತೆ ಕೇಳಿತು. ಹಕ್ಕಿಗಳು ಹೊರಳಿದ್ದು ನಿಜವಾಗಿ ಕಂಡಿದ್ದೆನೋ, ಮೊದಲ ಸಲ ಹೇಳುವಾಗ ಬಂದ ಉಪಮೆಯೋ? ಕಲ್ಲು ಬೆಚ್ಚಗಿತ್ತೆಂಬುದು ಕೈಯ ನೆನಪೋ, ನಾಲಿಗೆಯ ನೆನಪೋ? ನಮ್ಮ ಊರಲ್ಲಿ ಬೀಸುವ ಕಲ್ಲು ಸವೆದರೆ ಉಳಿ ಹಿಡಿದುಕೊಂಡು ಬಂದವರು ಅದಕ್ಕೆ ಮತ್ತೆ ಕಚ್ಚು ಹಾಕಿ ಕೊಡುತ್ತಿದ್ದರು. ಸವೆದ ನೆನಪಿಗೆ ನಾನೇ ಕಚ್ಚು ಹಾಕುತ್ತ ಬಂದಿದ್ದೆ. ಈಗ ಕಲ್ಲಿನ ಮೇಲೆ ಇರುವ ಗುರುತೆಲ್ಲ ನನ್ನ ಉಳಿಯದು. ಆಗ ಆದದ್ದು ನಿಜ ಎಂದು ಇವತ್ತಿಗೂ ನನಗೆ ಸಂಶಯವಿಲ್ಲ. ಆದರೆ ಆ ಮಧ್ಯಾಹ್ನ ಈಗ ನನ್ನ ಎದುರಿಗಿಲ್ಲ. ಹದಿನೇಳರ ಒಬ್ಬ ಹುಡುಗಿ ಬಂದು ಹೇಳಿದ ಮಾತಾಗಿ ನನ್ನ ಹತ್ತಿರ ಇದೆ. ಅವಳು ಸುಳ್ಳು ಹೇಳುವವಳಲ್ಲ ಎಂದು ನಾನು ನಂಬಿದ್ದೇನೆ. ಹೌದು, ನಂಬಿದ್ದೇನೆ. ಕಂಡದ್ದೂ ಕಾಲ ಕಳೆದ ಮೇಲೆ ನಂಬಿಕೆಯಾಗಿಯೇ ಉಳಿಯುತ್ತದೆ ಎಂಬುದು ನನಗೆ ಹೊಳೆದದ್ದು ಹೀಗೆ, ಮತ್ತು ಅದು ಸಣ್ಣ ನೋವಾಗಿರಲಿಲ್ಲ.

ಆದ್ದರಿಂದಲೇ ಸ್ವಂತ ಅನುಭವದ ಹೆಸರಲ್ಲಿ ಇನ್ನೊಬ್ಬರ ಕೊರಳಿಗೆ ನೊಗ ಹೂಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಮ್ಮೆ ಒಂದು ದೊಡ್ಡ ಸಭಾಭವನದಲ್ಲಿ ಒಬ್ಬರ ಪ್ರವಚನಕ್ಕೆ ಹೋಗಿದ್ದೆ. "ನಾನು ಕಂಡಿದ್ದೇನೆ, ಆದ್ದರಿಂದ ನೀವು ಪ್ರಶ್ನೆ ಕೇಳಬೇಡಿ" ಎಂದರು. ಮುಂದಿನ ಸಾಲಿನಲ್ಲಿ ಮಗನ ಕಾಯಿಲೆಗಾಗಿ ಬಂದ ತಾಯಿಯೊಬ್ಬಳು ಔಷಧ ಬಿಡಿಸಲೇ ಎಂದು ಕೇಳಿದಳು. "ನಂಬಿಕೆ ಇದ್ದರೆ ಬಿಡಿಸು" ಎಂಬ ಉತ್ತರ ಬಂತು. ಹೊರಗೆ ಬಂದು ಆಕೆಯ ಕೈ ಹಿಡಿದು, ಬಿಡಿಸಬೇಡವ್ವ ಎಂದೆ. ಕೇಳಿದಳೋ ಇಲ್ಲವೋ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದು ಕಂಡವನಿಗೇ. ಮೊದಲು ತನ್ನ ಕಣ್ಣನ್ನು ತಾನು ವಿಚಾರಿಸಿಕೊಳ್ಳಲಿ ಎಂದು. ಕಂಡವರೆಲ್ಲ ಹೀಗಿರುವುದಿಲ್ಲ ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಬ್ಬರಿದ್ದರು.

ನಮ್ಮೂರಿಗೆ ಹತ್ತಿರದ ರೈಲು ನಿಲ್ದಾಣ ನಿಂಬಾಳ. ಬಯಲಿನ ನಡುವಿನ ಚಿಕ್ಕ ಊರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಅಲ್ಲಿಯೇ ಕುಲಪತಿಗಳೂ ಆಗಿದ್ದ ಗುರುದೇವ ರಾನಡೆ ಕೊನೆಗೆ ನೆಲೆನಿಂತದ್ದು ಈ ನಿಂಬಾಳದಲ್ಲಿ. 1957ರಲ್ಲಿ ಅಲ್ಲಿಯೇ ತೀರಿಕೊಂಡರು. ಪಶ್ಚಿಮದ ದಾರ್ಶನಿಕರನ್ನು ಅರೆದು ಕುಡಿದವರು, ಉಪನಿಷತ್ತುಗಳ ಮೇಲೆ ದೊಡ್ಡ ಗ್ರಂಥ ಬರೆದವರು. ಅಂಥವರು ಉಮದಿಯ ಭಾವುಸಾಹೇಬ ಮಹಾರಾಜರಿಂದ ಹದಿಹರೆಯದಲ್ಲೇ ನಾಮ ಪಡೆದು, ಕೊನೆಯವರೆಗೂ ದಿನಕ್ಕೆ ತಾಸುಗಟ್ಟಲೆ ಅದನ್ನೇ ನೆನೆಯುತ್ತ ಕೂತರು. ಆ ಪರಂಪರೆಯಲ್ಲಿ ಒಳಗೆ ಕಾಣುವ ಬಣ್ಣ, ಬೆಳಕು, ಕೇಳುವ ನಾದ ಇವೆಲ್ಲಕ್ಕೂ ಬೆಲೆಯಿದೆ. ರಾನಡೆಯವರು ಮಹಾರಾಷ್ಟ್ರದ ಮತ್ತು ಕನ್ನಡದ ಸಂತರಲ್ಲಿ ಅವನ್ನು ಹುಡುಕಿ ಹುಡುಕಿ ಒಂದರ ಪಕ್ಕ ಒಂದಿಟ್ಟು ನೋಡಿದರು. ಆದರೆ ಅನುಭಾವ ಸಾಚಾ ಎನ್ನಲು ಬರೀ ಬೆಳಕು ಕಂಡರೆ ಸಾಲದು, ಕಂಡವನ ನಡತೆ ತಿಳಿಯಾಗಬೇಕು ಎಂಬುದನ್ನೂ ಒರೆಗಲ್ಲುಗಳಲ್ಲಿ ಒಂದಾಗಿ ಇಟ್ಟರು. ನಿಂಬಾಳದ ಅವರ ಆಶ್ರಮದ ಬೇವಿನ ನೆರಳಲ್ಲಿ ಒಂದು ಸಂಜೆ ಕೂತಿದ್ದಾಗ ನನ್ನನ್ನು ನಾನು ಕೇಳಿಕೊಂಡೆ. ಜೋಳದ ಹೊಲದಿಂದ ಇಳಿದು ಬಂದ ಮೇಲೆ ನನ್ನ ನಡತೆಯಲ್ಲಿ ಏನು ಬದಲಾಯಿತು? ಹೇಳುವಂಥದ್ದು ಸಿಕ್ಕಲಿಲ್ಲ. ಏನೂ ಕಾಣದ ಆಯಿಯ ನಡತೆ ನೆನಪಾಯಿತು.

ಅವ್ವ ಕಾಯಿಲೆ ಬಿದ್ದು ಊರಿಗೆ ದೂರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ನಾನು ವರಾಂಡದ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದೆ. ಆ ಮಧ್ಯಾಹ್ನವನ್ನು ಅಲ್ಲಿ ಎಷ್ಟು ಕರೆದೆನೋ. ಎಲ್ಲವೂ ತಮ್ಮ ಜಾಗದಲ್ಲಿ ಇವೆ ಎಂದು ಒಮ್ಮೆ ತಿಳಿದಿದ್ದೆನಲ್ಲ, ಅದು ಈಗ ಬರಲಿ, ಒಂದು ಗಳಿಗೆ ಸಾಕು ಎಂದು. ಕಣ್ಣು ಮುಚ್ಚಿ ಜೋಳದ ತೆನೆಗಳನ್ನು ನಿಲ್ಲಿಸಿಕೊಂಡೆ, ಹಕ್ಕಿಗಳನ್ನು ಹೊರಳಿಸಿದೆ. ಚಿತ್ರ ಬಂತು, ಅದು ಬರಲಿಲ್ಲ. ಎಲ್ಲವೂ ಜಾಗ ತಪ್ಪಿತ್ತು, ನಾನೂ ತಪ್ಪಿದ್ದೆ.

ಆಯಿ ಮೂರನೆಯ ದಿನ ಬಸ್ಸು ಹತ್ತಿ ಬಂದಳು. ಅವ್ವ ಆಕೆಗೆ ಒಬ್ಬಳೇ ಮಗಳು. ನಸುಕಿನಲ್ಲೇ ಎದ್ದು ನಳದ ತಣ್ಣೀರಲ್ಲಿ ಜಳಕ ಮಾಡಿ, ವರಾಂಡದ ಕೊನೆಯಲ್ಲಿ ತಾನು ತಂದ ಕಂಬಳಿ ಹಾಸಿ, ಕರಡಿಗೆ ಬಿಚ್ಚಿ ಕೂತಳು. ಟ್ರೇ ಹಿಡಿದ ನರ್ಸುಗಳು ಆಕೆಯನ್ನು ಬಳಸಿಕೊಂಡು ಹೋಗುತ್ತಿದ್ದರು. ಎತ್ತಿ ಹಿಡಿದ ಅಂಗೈ ನಡುಗುತ್ತಿತ್ತು, ನೋಟ ನಡುಗುತ್ತಿರಲಿಲ್ಲ. ಹತ್ತನೆಯ ದಿನ ನನಗೆ ತಡೆಯಲಾಗಲಿಲ್ಲ. "ಇಷ್ಟ ವರ್ಷ ನೋಡೀದಿ. ಏನ ಕೊಟ್ಟೈತಿ ಆಯಿ ಅದು ನಿನಗ?" ಎಂದೆ. ಕೇಳಬಾರದ ಹೊತ್ತಿನಲ್ಲಿ ಕೇಳಬಾರದ ಮಾತು.

ಆಯಿ ಅರಿವೆ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ. "ಕೊಡಲಿ ಅಂತ ನೋಡತಾರೇನ ಯವ್ವಾ? ನಾ ಇಲ್ಲಿ ಅದೀನಿ ಅಂತ ಹೇಳಾಕ ಕುಂದರತೀನಿ. ದಿನಾ ಹೇಳಬೇಕಾಗತೈತಿ."

ಮರುದಿನ ಅವ್ವ ಹೋದಳು. ಊರಿಗೆ ತಂದು ಮಣ್ಣು ಮಾಡಿದೆವು. ಅದರ ಮರುದಿನ ಬೆಳಗ್ಗೆ ಎದ್ದು ನೋಡಿದರೆ ಆಯಿ ಪಡಸಾಲೆಯ ಮೂಲೆಯಲ್ಲಿದ್ದಳು. ಒದ್ದೆ ಕೂದಲು, ಸೆರಗು, ಎತ್ತಿದ ಎಡಗೈ. ಆಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ಅಂಗೈಗೆ, ಲಿಂಗದ ಮೇಲೆ ಬೀಳುತ್ತಿತ್ತು. ಆಯಿ ಒರೆಸಿಕೊಳ್ಳಲಿಲ್ಲ. ಕಾವ್ಯಮೀಮಾಂಸೆಯ ಅನುಭಾವ, ಶರಣರ ಅನುಭಾವ, ಎರಡೂ ಒಂದೇ ಮೈಯಲ್ಲಿ ನನ್ನ ಕಣ್ಣೆದುರು ಕೂತಿದ್ದವು. ನಾನು ಬಾಗಿಲಲ್ಲೇ ನಿಂತೆ. ನನ್ನದು ಒಂದು ಮಧ್ಯಾಹ್ನ, ಆಗಿಹೋದದ್ದು. ಆಯಿಯದು ದಿನಾ ಬೆಳಗ್ಗೆ ಆಗುತ್ತಿದ್ದದ್ದು. ಕಂಡವಳು ಯಾರು, ನಂಬಿದವಳು ಯಾರು?

ಆಯಿ ಆಮೇಲೆ ಆರು ವರ್ಷ ಬದುಕಿದಳು. ಹೋದಾಗ ನಮ್ಮ ಪದ್ಧತಿಯಂತೆ ಆಕೆಯನ್ನು ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಪತ್ರಿ ಸುರಿದು ಮಣ್ಣು ಕೊಟ್ಟೆವು. ಕೈ ತೊಳೆದವಳು ನಾನು. ಆ ಅಂಗೈಗೆ ಬೇರೆ ಯಾವ ಆಕಾರವೂ ಗೊತ್ತಿರಲಿಲ್ಲ ಎನ್ನುವಂತೆ ಅದು ಬಟ್ಟಲಾಗಿಯೇ ಇತ್ತು. ಹುಟ್ಟಿದಾಗ ನನಗೂ ಕಟ್ಟಿದ್ದ ಲಿಂಗ ಧಾರವಾಡದ ಮನೆಯ ಪೆಟ್ಟಿಗೆಯಲ್ಲಿತ್ತು. ಅದನ್ನು ಹೊರತೆಗೆದದ್ದು ಆ ವರ್ಷ. ಈಗ ನಾನೂ ಕೂಡುತ್ತೇನೆ. ಏನಾದರೂ ಕಾಣಲಿ ಎಂಬ ಆಸೆ ಮೊದಮೊದಲು ಇತ್ತು, ಈಚೆಗೆ ಅದು ಕೇಳುವುದನ್ನು ಬಿಟ್ಟಿದೆ.

ಈ ಸಂಕ್ರಾಂತಿಗೆ ಸೊಲ್ಲಾಪುರದ ಜಾತ್ರೆಗೆ ಹೋಗಿದ್ದೆ. ಆಯಿ ಪ್ರತಿ ವರ್ಷ ಹೋಗುತ್ತಿದ್ದ ಜಾತ್ರೆ. ಮುಗಿಲು ಮುಟ್ಟುವಂಥ ಏಳು ನಂದಿಧ್ವಜಗಳನ್ನು ಬಿಳಿ ಉಡುಪಿನ ಜನ ಸೊಂಟಕ್ಕೆ ಆನಿಸಿಕೊಂಡು ಹೊರುತ್ತಾರೆ. ಸಿದ್ಧರಾಮ ಊರ ಸುತ್ತ ಸ್ಥಾಪಿಸಿದನೆನ್ನುವ ಅರವತ್ತೆಂಟು ಲಿಂಗಗಳಿಗೆ ಅವು ಸುತ್ತು ಬರುತ್ತವೆ. ಅವನನ್ನೇ ಮದುವೆಯಾಗುವೆನೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ, ತಾನು ಬ್ರಹ್ಮಚಾರಿಯಾದ್ದರಿಂದ ತನ್ನ ಯೋಗದಂಡದೊಡನೆ ಮದುವೆಯಾಗೆಂದು ಅವನು ಹೇಳಿದನಂತೆ. ಆ ಮದುವೆಗೆ ಇಂದಿಗೂ ಊರು ಅಕ್ಷತೆ ಹಾಕುತ್ತದೆ. ಅಷ್ಟು ಜನರ ಕೈಯಿಂದ ಅಕ್ಕಿಕಾಳು ಹಾರುವಾಗ ನನ್ನ ಕೈಯೂ ಎದ್ದಿತು.

ಆಮೇಲೆ ಕೆರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತೆ. ನೀರಿನ ನಡುವೆ ಗುಡಿ. ಆಯಿ ಹೇಳದೆ ಬಿಟ್ಟಿದ್ದ, ದೊಡ್ಡವಳಾದ ಮೇಲೆ ಓದಿದ ಅರ್ಧ ಕತೆ ನೆನಪಾಯಿತು. ಕಮರಿಯಲ್ಲಿ ಕೈ ಹಿಡಿದ ಮಲ್ಲಯ್ಯ ಹುಡುಗನನ್ನು ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ, ನಿನ್ನ ಊರನ್ನೇ ಇನ್ನೊಂದು ಶ್ರೀಶೈಲ ಮಾಡೆಂದು ಹಿಂದಕ್ಕೆ ಕಳಿಸಿದ. ಕಂಡವನು ಬಂದು ಕೆರೆ ಅಗೆದ, ಗುಡಿ ಕಟ್ಟಿದ, ಜನಕ್ಕೆ ಅನ್ನ ನೀರಿಗೆ ದಾರಿ ಮಾಡಿದ. ಆಮೇಲೆ ಒಂದು ದಿನ ಅಲ್ಲಮ ಬಂದು ನಿಂತದ್ದು ಶೂನ್ಯಸಂಪಾದನೆಯಲ್ಲಿದೆ. ಮಣ್ಣು ಹೊರಿಸುವ ನಿಮ್ಮ ಮೇಸ್ತ್ರಿ ಎಲ್ಲಿ ಎಂದು ಅವನು ಕೇಳಿದ್ದಕ್ಕೆ ಕೆರೆಯ ಕೆಲಸಗಾರರು ರೇಗಿ ಕಲ್ಲು ಬೀಸಿದರಂತೆ. ದೇವರನ್ನು ಕಣ್ಣಾರೆ ಕಂಡವನಿಗೇ ಅಲ್ಲಮ ಇನ್ನೂ ಒಂದು ದಾರಿ ಉಳಿದಿದೆ ಎಂದು ತೋರಿಸಿ ಕಲ್ಯಾಣಕ್ಕೆ ಕರೆದೊಯ್ದ. ಅಲ್ಲಿ ಚೆನ್ನಬಸವಣ್ಣನಿಂದ ಅವನಿಗೆ ದೀಕ್ಷೆಯಾಯಿತು. ಶ್ರೀಶೈಲದ ಗುಡಿಯಲ್ಲಿ ಲಿಂಗ ನೋಡಿ "ಇವನಲ್ಲ" ಅಂದಿದ್ದ ಹುಡುಗ, ಕಡೆಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ. ಅವನ ನೋಟಕ್ಕೆ ಆಗ ಏನು ಕಂಡಿತೋ. ಕೆರೆಯಂತೂ ಇದೆ. ಎರಡು ಬೊಗಸೆ ನೀರು ಎತ್ತಿ ಮುಖಕ್ಕೆ ಹಚ್ಚಿಕೊಂಡೆ.

ಸಂಜೆಯ ಪ್ಯಾಸೆಂಜರ್ ಗಾಡಿ ಹೊಟಗಿ ಬಿಟ್ಟು ಭೀಮಾ ಸೇತುವೆಯ ಮೇಲೆ ಬಂತು. ಎದುರು ಸೀಟಿನಲ್ಲಿ ನನ್ನದೇ ವಯಸ್ಸಿನ ಹೆಂಗಸು. ಜಾತ್ರೆಯಿಂದಲೇ ಹೊರಟವರು, ಸೆರಗಿನ ತುಂಬ ಕುಂಕುಮ ಭಂಡಾರದ ಕಲೆ. ಗಂಟು ಬಿಚ್ಚಿ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ ತೆಗೆದರು. ಮುರಿದ ರೊಟ್ಟಿಯ ಅರ್ಧ ನನ್ನ ಕೈಗೆ ಕೊಟ್ಟರು. ಕಿಟಕಿಯಾಚೆ ಬಿಳಿಜೋಳದ ಹೊಲಗಳ ಮೇಲೆ ಹೊತ್ತು ಇಳಿಯುತ್ತಿತ್ತು.

"ಗದ್ದಲ ಭಾಳ ಇತ್ತಲ್ರಿ ಈ ವರ್ಷ," ಎಂದರು. "ನಿಮಗ ದರ್ಶನ ಛಲೋ ಆತೇನ್ರಿ ಅಕ್ಕಾರ?"

"ಆತ್ರಿ," ಅಂದೆ. ರೊಟ್ಟಿಯನ್ನು ಎಡಗೈಯಲ್ಲಿಟ್ಟುಕೊಂಡು ಒಂದು ತುತ್ತು ಮುರಿದೆ.